ಚಂದಾ ಪುಸ್ತಕದಲ್ಲಿ ನಿಮ್ಮ ಮನೆ

ಮಡಿಕೇರಿ
ಆಗಸ್ಟ್ ಕೊನೆ, ಮಳೆ ಇನ್ನೂ ಬಿಟ್ಟಿಲ್ಲ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ಮೇಲ್ಮನೆ ಅವ್ವ ಹುಷಾರಿದ್ದಾರಾ?" ಅಂತ ಕೇಳಿದೆ. ನಾನು "ಹೂಂ" ಅಂದೆ. ಸುಳ್ಳು ಹೇಳಿದೆ ಮಾರಾಯ. ನೀನು ಆಫೀಸಿನ ಲಿಫ್ಟಿನಲ್ಲಿದ್ದೆ, ಮಾತು ಬೇರೆ ಕಟ್ ಕಟ್ ಆಗುತ್ತಿತ್ತು. ಅವ್ವ ಹೋದ ಸುದ್ದಿಯನ್ನು ಲಿಫ್ಟಿನ ಬಾಗಿಲು ತೆರೆಯುವುದರೊಳಗೆ ಹೇಳಿ ಮುಗಿಸುವುದಕ್ಕೆ ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ. ಜೂನ್‌ನಲ್ಲಿ, ಮಳೆ ಹಿಡಿದ ಮೊದಲ ವಾರದಲ್ಲಿ ತೀರಿಕೊಂಡರು. ನಿದ್ದೆಯಲ್ಲೇ.

ನಿಜ ಹೇಳಬೇಕೆಂದರೆ ಅವರಿಲ್ಲ ಅನ್ನುವುದು ನಮಗೆ ಸರಿಯಾಗಿ ಗೊತ್ತಾದದ್ದು ಆಗಸ್ಟ್ 3ಕ್ಕೆ. ಕೊಡವರ ಕಕ್ಕಡ ತಿಂಗಳ 18. ಮದ್ದುಸೊಪ್ಪಿನ ದಿನ. ನಿನಗೆ ನೆನಪಿದೆಯಲ್ಲ, ಹಿಂದಿನ ಸಂಜೆಯೇ ಅವ್ವ ಬೇಲಿ ಬದಿಯ ಮದ್ದುಸೊಪ್ಪನ್ನು ದಂಟು ಸಮೇತ ಕೊಯ್ದು ಜಜ್ಜಿ ಹಂಡೆಗೆ ಹಾಕುತ್ತಿದ್ದರು. ಬೆಳಿಗ್ಗೆ ನೋಡಿದರೆ ನೀರು ನೇರಳೆ ಬಣ್ಣ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ. ವಾಸನೆ ಮೆಟ್ಟಿಲಿಳಿದು ಕೆಳಗಿನ ರಸ್ತೆಯವರೆಗೂ ಹೋಗುತ್ತಿತ್ತು. ಆ ಒಂದು ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆ ಮದ್ದು ಸೇರಿರುತ್ತದೆ ಅಂತ ಹಿರಿಯರ ನಂಬಿಕೆ. ನಮಗೆ ಅದೆಲ್ಲ ಯಾರಿಗೆ ಬೇಕಿತ್ತು! ಮರುದಿನ ಬೆಳಿಗ್ಗೆ ಉಚ್ಚೆ ಕೆಂಪಗೆ ಬಂತಾ ಇಲ್ವಾ, ಅಷ್ಟೇ. ಒಂದು ವರ್ಷ ನಿನ್ನದು ಕೆಂಪಾಗಲಿಲ್ಲ ಅಂತ ಅತ್ತೆಯಲ್ಲ, ಆಮೇಲೆ ಪತ್ತೆಯಾಯಿತು, ನೀನು ಪಾಯಸವನ್ನು ಟೀಚರಮ್ಮನ ನಾಯಿಗೆ ಹಾಕಿದ್ದೆ ಅಂತ.

ಈ ಸಲ ಅವ್ವನ ಬೇಲಿಯಿಂದ ನಾನೇ ಸೊಪ್ಪು ಕೊಯ್ದೆ. ನನ್ನ ಹೆಂಡತಿ ಪಾಯಸ ಮಾಡಿದಳು. ಬಣ್ಣ ಬಂತು, ಆದರೆ ಅವ್ವನ ಬಣ್ಣ ಅಲ್ಲ. ದಂಟು ಕಡಿಮೆಯಾಯಿತು ಅಂತ ಟೀಚರಮ್ಮ ತೀರ್ಪು ಕೊಟ್ಟರು. ಒಂಬತ್ತು ಮನೆಗೆ ಕಳಿಸಿದೆವು. ಅದರಲ್ಲಿ ಎರಡು ಹೋಂಸ್ಟೇ. ಅಲ್ಲಿನ ಅತಿಥಿಗಳು ಬಟ್ಟಲು ಹಿಡಿದು ಫೋಟೋ ತೆಗೆದರು. ತಿಂದರೋ ಇಲ್ಲವೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಯಾವುದಾದರೂ ರೂಮಿನಿಂದ ಕಿರುಚಾಟ ಕೇಳುತ್ತದಾ ಅಂತ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದೆ.

ನಮ್ಮದು ಬೀದಿ ಅಂತ ಸುಮ್ನೆ ಬಾಯಿಮಾತಿಗೆ ಹೇಳುವುದು. ಇರುವುದೆಲ್ಲ ಮೆಟ್ಟಿಲು. ಮಹದೇವಪೇಟೆಯ ಗದ್ದಲದಿಂದ ಒಂದು ತಿರುವು ದಾಟಿ ಏರಲು ಶುರುಮಾಡಿದರೆ ಎಡಕ್ಕೊಂದು ಮನೆ, ಬಲಕ್ಕೊಂದು ಮನೆ. ಒಬ್ಬರ ಅಂಗಳ ಇನ್ನೊಬ್ಬರ ಹಂಚಿನ ಮಟ್ಟಕ್ಕೆ. ಹಾಗಾಗಿ ಯಾರ ಮನೆಯಲ್ಲಿ ಹೊಗೆ ಎದ್ದಿದೆ, ಯಾರದ್ದು ಏಳಲಿಲ್ಲ ಅಂತ ಮೇಲಿನವರಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಎಂಟು ಗಂಟೆಯಾದರೂ ಹೊಗೆ ಕಾಣದಿದ್ದರೆ ಅವ್ವ "ಎಂತ, ಇವತ್ತು ಒಲೆ ಹಚ್ಚಲಿಲ್ವಾ?" ಅಂತ ಅಲ್ಲಿಂದಲೇ ಕೂಗುತ್ತಿದ್ದರು. ಈಗ ಎಲ್ಲರದ್ದೂ ಗ್ಯಾಸು. ಹೊಗೆ ನೋಡಿ ಕಂಡುಹಿಡಿಯುವ ಹಾಗಿಲ್ಲ.

ಅವ್ವನ ಒಲೆಯ ಇನ್ನೊಂದು ಉಪಕಾರ ನೀನು ಮರೆತಿರಲಿಕ್ಕಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಯೂನಿಫಾರ್ಮ್ ಒಣಗುತ್ತಿದ್ದದ್ದು ಅಲ್ಲಿಯೇ. ಕೆಂಡದ ಮೇಲೆ ದೊಡ್ಡ ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಅಂಗಿ ಚಡ್ಡಿ ಹರಡುತ್ತಿದ್ದರು. ಬೆಚ್ಚಗೆ ಹಾಕಿಕೊಂಡು ಹೋದರೆ ಕ್ಲಾಸಿನಲ್ಲಿ ನಾವಿಬ್ಬರೂ ಹೊಗೆ ಮೀನಿನ ಹಾಗೆ ನಾರುತ್ತಿದ್ದೆವು. ನಿನ್ನ ಚಡ್ಡಿಯ ಹಿಂಭಾಗಕ್ಕೆ ಕಿಡಿ ಹಾರಿ ತೂತಾದದ್ದನ್ನು ಇಲ್ಲಿ ಬರೆಯುವುದಿಲ್ಲ.

ಟೀಚರಮ್ಮ ಇದ್ದಾರೆ. ಕಿವಿ ಮಂದವಾಗಿದೆ, ನಾಲಿಗೆ ಆಗಿಲ್ಲ. ಇಡೀ ಬೀದಿಗೆ ಅವರದ್ದೊಂದೇ ಫೋನ್ ಇದ್ದ ಕಾಲ ಇತ್ತಲ್ಲ, ಎಲ್ಲರ ಅರ್ಜಿಯಲ್ಲೂ ಪಿ.ಪಿ. ನಂಬರ್, ಅಂದರೆ ಕರೆದು ಕೊಡುವ ಪಕ್ಕದ ಮನೆಯ ನಂಬರ್, ಅಂತ ಅವರದ್ದೇ. ದುಬೈಯಿಂದ ಅಂಗಡಿ ಕಾಕನ ಮಗ, ಜಮ್ಮುವಿನಿಂದ ಹವಾಲ್ದಾರ್ ಮಾವ, ಎಲ್ಲರೂ ಅಲ್ಲಿಗೇ ಮಾಡಬೇಕು. ಟೀಚರಮ್ಮ ಕಿಟಕಿ ತೆರೆದು ಹೆಸರು ಕೂಗುವುದು, ನಾವು ಮೆಟ್ಟಿಲು ಹಾರಿ ಹೋಗಿ ಕರೆದು ತರುವುದು. ಒಂದು ಕರೆಗೆ ಒಂದು ಬಿಸ್ಕತ್ತು ನಮ್ಮ ಕೂಲಿ.

ಹವಾಲ್ದಾರ್ ಮಾವನಿಗೆ ಮಂಡಿ ನೋವು. ಆದರೂ ಸುಗ್ಗಿ ಹಬ್ಬ ಹುತ್ತರಿಯ ಮರುದಿನ ತಮ್ಮ ಮೂಲಮನೆಯಾದ ಐನ್‌ಮನೆಯಿಂದ ಹೊಸ ಕದಿರು ತಂದು ಪ್ರತಿ ಮನೆಯ ಬಾಗಿಲಿಗೂ ಒಂದೊಂದು ಹಿಡಿ ಕೊಡುವುದನ್ನು ಬಿಟ್ಟಿಲ್ಲ. "ಪೊಲಿ ಪೊಲಿ ದೇವಾ" ಅಂತ ಮೆಟ್ಟಿಲಿನ ಕೆಳಗಿನಿಂದಲೇ ಶುರು. ಕೊಡವರು, ಗೌಡರು, ಮಾಪಿಳ್ಳೆ, ಕೊಂಕಣಿ, ತುಳು ಎಲ್ಲರ ಬಾಗಿಲಲ್ಲೂ ಆ ಕದಿರು ಇರುತ್ತದೆ. ಮುಂದಿನ ವಾರ ಕೈಲ್ ಮುಹೂರ್ತ, ಆಯುಧ ಪೂಜೆಯ ಹಬ್ಬ. ಕೋವಿಗೆ ಎಣ್ಣೆ ಹಾಕಿ ಒರೆಸುತ್ತಾ ಜಗಲಿಯಲ್ಲಿ ಕೂತಿದ್ದಾರೆ, ಈಗಲೂ ಇಲ್ಲಿಂದ ಕಾಣುತ್ತಾರೆ.

ಆದರೆ ನಾನು ಹೇಳಬೇಕಾದದ್ದು ಪೋಸ್ಟಣ್ಣನ ವಿಷಯ.

ದಸರಾಕ್ಕೆ ನಮ್ಮ ಬೀದಿಯ ಚಂದಾ ಎತ್ತುತ್ತಿದ್ದದ್ದು ಪೋಸ್ಟಣ್ಣ. ದಸರಾ ಮೆರವಣಿಗೆಗೆ ಹೊರಡುವ ಊರಿನ ಹತ್ತು ಮಂಟಪಗಳಲ್ಲಿ ನಮ್ಮ ಪಾಲಿನದ್ದು ಒಂದಿತ್ತಲ್ಲ, ಅದಕ್ಕೆ. ಉದ್ದ ಲೆಕ್ಕದ ಪುಸ್ತಕ, ಕೆಂಪು ರಟ್ಟು. ಟಪಾಲು ಹಂಚುವ ಕ್ರಮದಲ್ಲೇ ಮನೆಗಳನ್ನು ಬರೆಯುತ್ತಿದ್ದರು, ಕೆಳಗಿನಿಂದ ಮೇಲಕ್ಕೆ. ಮೊದಲ ಕಾಲಂ ಮನೆ, ಎರಡನೆಯದು ಹಣ, ಮೂರನೆಯದು 'ಮಂದಿ'. ಈ ಮೂರನೆಯ ಕಾಲಂ ಪ್ರಸಾದದ ಪೊಟ್ಟಣ ಕಟ್ಟುವ ಲೆಕ್ಕಕ್ಕೆ. ಮಗು ಹುಟ್ಟಿದರೆ ಒಂದು ಜಾಸ್ತಿ, ಮಗಳು ಮದುವೆಯಾಗಿ ಹೋದರೆ ಒಂದು ಕಡಿಮೆ. ಹತ್ತು ರೂಪಾಯಿ ಕೊಟ್ಟವರಿಗೂ ಐನೂರು ಕೊಟ್ಟವರಿಗೂ ಪೊಟ್ಟಣ ತಲೆಗೊಂದೇ. ಮಹಾಲಯ ಅಮಾವಾಸ್ಯೆ ಹತ್ತಿರ ಬಂದರೆ ಸಾಕು, ಕೊಡೆ ಹಿಡಿದು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಹೊರಡುತ್ತಿದ್ದರು. ಪಂಪಿನ ಕೆರೆಯಿಂದ ಕರಗಗಳು ಹೊರಟು ದಸರಾ ಶುರುವಾಗುವ ಸಂಜೆಯೊಳಗೆ ಲೆಕ್ಕ ಮುಗಿಯಲೇಬೇಕು. ನಾವು ಅವರನ್ನು ಎಷ್ಟು ಅಣಕಿಸಿದ್ದೆವು, ಅಲ್ವಾ? ಜನಗಣತಿ ಬಂತು, ಜನಗಣತಿ ಬಂತು ಅಂತ.

2018ರ ಆಗಸ್ಟ್‌ನಲ್ಲಿ ನೀನು ಬೆಂಗಳೂರಿನಿಂದ ನಮ್ಮೆಲ್ಲರ ನಂಬರಿಗೂ ಮಾಡಿ ಮಾಡಿ ಸಾಕಾಗಿದ್ದೆ. ಕರೆಂಟಿರಲಿಲ್ಲ, ಟವರಿರಲಿಲ್ಲ. ಮಂಗಳೂರು ರಸ್ತೆ ಕುಸಿದಿತ್ತು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಯಿಂದ ಒಂದೊಂದೇ ಸುದ್ದಿ ಬರುತ್ತಿತ್ತು. ಊರೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರದ ಗುಡ್ಡ ಜಾರಿತ್ತು. 16ರ ರಾತ್ರಿ ನಮ್ಮ ಮೇಲ್ಮನೆಯ ಹಿಂದಿನ ಬರೆಯಲ್ಲಿ, ಆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಬಿರುಕು ಕಾಣಿಸಿತು. ಕೈ ಹೋಗುವಷ್ಟು ಅಗಲ. ಅದರೊಳಗಿಂದ ನೀರಿನ ಸದ್ದು.

ಎಲ್ಲರೂ ಕೆಳಗಿಳಿದು ರಸ್ತೆಯಾಚೆಯ ಕಲ್ಯಾಣ ಮಂಟಪ ಸೇರಿದೆವು. ಕತ್ತಲು, ಮಕ್ಕಳ ಅಳು, ಒದ್ದೆ ಕಂಬಳಿ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ಒಬ್ಬರಿಗೂ ಗೊತ್ತಿಲ್ಲ. ಆಗ ಪೋಸ್ಟಣ್ಣ ಸ್ವೆಟರಿನೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಆ ಕೆಂಪು ಪುಸ್ತಕ ತೆಗೆದರು. ಉಳಿದವರು ಚಿನ್ನ, ಮನೆಪತ್ರ ತಂದಿದ್ದರು. ಅವರು ತಂದದ್ದು ಇದು. ಟಾರ್ಚ್ ಹಿಡಿದುಕೊಳ್ಳಲು ನನಗೆ ಹೇಳಿದರು. ಕೆಳಗಿನ ಮನೆಯಿಂದ ಶುರುಮಾಡಿ ಮನೆಯ ಹೆಸರು, ಮಂದಿ ಎಷ್ಟು, ಕೂಗುವುದು. ಜನ "ಇದ್ದೇವೆ" ಅನ್ನುವುದು. ಅವರು ಪೆನ್ಸಿಲಿನಲ್ಲಿ ಗೀಟು ಹಾಕುವುದು.

ಹನ್ನೊಂದನೆಯ ಮನೆಗೆ ಸದ್ದಿಲ್ಲ. ಟೀಚರಮ್ಮ. ಹವಾಲ್ದಾರ್ ಮಾವ ಹೋಗಿ ನೋಡಿದರೆ ಫೋನಿನ ಪಕ್ಕ ಕೂತಿದ್ದಾರಂತೆ. "ಹೊರಗಿರುವ ಮಕ್ಕಳೆಲ್ಲ ಇಲ್ಲಿಗೇ ಮಾಡುತ್ತಾರೆ, ಎತ್ತುವುದಕ್ಕೆ ಯಾರಾದರೂ ಬೇಡವಾ?" ಫೋನ್ ಎರಡು ದಿನದಿಂದ ಸತ್ತಿತ್ತು. ಮಾವ ವಾದ ಮಾಡಲಿಲ್ಲ, ಬೆನ್ನ ಮೇಲೆ ಹೊತ್ತುಕೊಂಡು ಇಳಿದರು. ಮಂಡಿ ಹೋದದ್ದು ಅವತ್ತೇ ಅಂತ ಅವರು ಈಗಲೂ ಟೀಚರಮ್ಮನನ್ನು ರೇಗಿಸುತ್ತಾರೆ.

ಪುಸ್ತಕ ಮುಗಿಯಿತು. ಲೆಕ್ಕ ಸರಿಯಾಯಿತು ಅಂತ ಎಲ್ಲರೂ ಉಸಿರು ಬಿಟ್ಟೆವು. ಆಗ ಮೂಲೆಯಿಂದ ಅಂಗಡಿ ಕಾಕ, "ಆ ನಾಲ್ಕು ಹುಡುಗರು ಎಲ್ಲಿ?" ಅಂದರು. ಯಾವ ಹುಡುಗರು? ಮೇಲ್ಮನೆಯ ಆಚೆ, ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿದ್ದವರು. ಅವರನ್ನು ಯಾರೂ ಚಂದಾ ಕೇಳಿರಲಿಲ್ಲ, ಹಾಗಾಗಿ ಪುಸ್ತಕದಲ್ಲಿರಲಿಲ್ಲ. ಕಾಕನ ಸಾಲದ ಪುಸ್ತಕದಲ್ಲಿದ್ದರು. ದಿನಾ ಮೊಟ್ಟೆ, ಬೀಡಿ ಅಲ್ಲೇ. ನಾನೂ ಕಾಕನ ಅಳಿಯನೂ ಟಾರ್ಚ್ ಹಿಡಿದು ಹತ್ತಿದೆವು. ಮಲಗಿದ್ದರು ಮಾರಾಯ. ಮಳೆ ಸದ್ದಿಗೆ ಏನೂ ಕೇಳಿಸಿರಲಿಲ್ಲ. ಬೆಳಗಿನ ಜಾವ ಬರೆ ಇಳಿಯಿತು. ಅವ್ವನ ಹಟ್ಟಿಯ ಒಂದು ಗೋಡೆ ಹೋಯಿತು. ಶೆಡ್ಡಿನ ಗುರುತೇ ಉಳಿಯಲಿಲ್ಲ.

ನಮ್ಮ ಬೀದಿಯಷ್ಟು ಹೊಂದಿಕೊಂಡಿರುವ ಬೀದಿ ಇನ್ನೊಂದಿಲ್ಲ ಅಂತ ನಾವು ಹೋದಲ್ಲೆಲ್ಲ ಹೇಳುತ್ತೇವಲ್ಲ, ಆಗೆಲ್ಲ ನನಗೆ ಈ ನಾಲ್ಕು ಜನ ನೆನಪಾಗುತ್ತಾರೆ. ವರ್ಷದಿಂದ ದಿನಾ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಒಬ್ಬನ ಹೆಸರೂ ನನಗೆ ಗೊತ್ತಿರಲಿಲ್ಲ.

ಪೋಸ್ಟಣ್ಣ ಅದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡರು. ಆ ವರ್ಷ ದಸರಾ ಸರಳವಾಗಿ ನಡೆಯಿತು, ನಮ್ಮಲ್ಲಿ ಚಂದಾ ಎತ್ತಲಿಲ್ಲ. ಆದರೂ ಅವರು ಪುಸ್ತಕ ಹಿಡಿದು ಹೊರಟರು. "ದುಡ್ಡು ಬೇಡ, ತಲೆ ಎಷ್ಟು ಹೇಳಿ" ಅಂತ. ಕೊನೆಯಲ್ಲಿ ಒಂದು ಹೊಸ ಹಾಳೆ ಅಂಟಿಸಿ 'ಬಾಡಿಗೆಯವರು, ಕೆಲಸದವರು' ಅಂತ ಬರೆದರು.

ಅವರು ಹೋದದ್ದು ಕೊರೊನಾ ಕಾಲದಲ್ಲಿ. ಅಂತ್ಯಸಂಸ್ಕಾರಕ್ಕೆ ಕೆಲವೇ ಜನ ಹೋಗಬಹುದಿತ್ತು. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಪುಸ್ತಕ ಈಗ ನನ್ನ ಹತ್ತಿರ ಇದೆ. ಈ ವಾರ ಕೊಡೆ ಹಿಡಿದು ನಾನೇ ಹೊರಟಿದ್ದೇನೆ, ಮಕ್ಕಳು ಹಿಂದಿನಿಂದ ನಗುತ್ತಾರೆ. ಕಷ್ಟ ಇರುವುದು ಮೂರನೆಯ ಕಾಲಮ್ಮಿನಲ್ಲಿ. ಮೂವತ್ತೊಂದು ಮನೆಯಲ್ಲಿ ಒಂಬತ್ತು ಹೋಂಸ್ಟೇ, ಏಳಕ್ಕೆ ಬೀಗ. ಹೋಂಸ್ಟೇಗೆ ಮಂದಿ ಎಷ್ಟು ಅಂತ ಬರೆಯುವುದು? ಶನಿವಾರ ಹದಿನಾಲ್ಕು, ಸೋಮವಾರ ಸೊನ್ನೆ. ಬೈಯುವ ಬಾಯಿ ನನಗೂ ಇಲ್ಲ. ನಮ್ಮ ಮಹಡಿಯ ಕೋಣೆಯನ್ನೂ ಎರಡು ವರ್ಷದಿಂದ ಕೊಡುತ್ತಿದ್ದೇವೆ. ಕಾಫಿಗೆ ರೇಟು ಬರುವ ವರ್ಷ ಫಸಲಿಲ್ಲ, ಫಸಲಿರುವ ವರ್ಷ ರೇಟಿಲ್ಲ. ಮಗಳ ಫೀಸು ಆ ಕೋಣೆಯಿಂದಲೇ ಹೋಗುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಮಳೆಗಾಲದಲ್ಲಿ ರಾತ್ರಿ ಎಂಟಕ್ಕೆ ಪ್ರತಿ ಹೋಂಸ್ಟೇಯವರೂ ಬೀದಿಯ ವಾಟ್ಸಾಪ್ ಗುಂಪಿಗೆ ಒಂದು ಅಂಕಿ ಹಾಕಬೇಕು, ಅಷ್ಟೇ. ಆರು ಜನ ಹಾಕುತ್ತಾರೆ. ಮೂವರು ಕೈಮುಗಿಯುವ ಚಿತ್ರ ಹಾಕುತ್ತಾರೆ.

ನಿಮ್ಮ ಮನೆ ಹದಿನೇಳನೆಯದು. ಹಿಂಬದಿಯಲ್ಲಿ ನಾಲ್ಕು ಹಂಚು ಜಾರಿವೆ, ತಾಡಪಾಲು ಹೊದಿಸಿದ್ದೇನೆ, ಈ ಮಳೆಗಾಲಕ್ಕೆ ತೊಂದರೆಯಿಲ್ಲ. ಬೀಗ ಹಾಕಿದ ಮನೆಗಳಿಗೆ ನಾನು ಸೊನ್ನೆ ಬರೆಯುತ್ತಾ ಬಂದೆ. ನಿಮ್ಮದಕ್ಕೆ ಬಂದಾಗ ಹಳೆಯ ಪುಟ ತಿರುವಿ ನೋಡಿದೆ. ನಿನ್ನ ಅಮ್ಮ ಹೋದ ಮೇಲೂ ಪೋಸ್ಟಣ್ಣ ಅಲ್ಲಿ ಸೊನ್ನೆ ಬರೆದಿಲ್ಲ. ತಮ್ಮ ಗುಂಡು ಅಕ್ಷರದಲ್ಲಿ '1, ಬೆಂಗಳೂರು' ಅಂತಿದೆ. ನಾನೂ ಹಾಗೆಯೇ ಬರೆದೆ.

ಪಕ್ಕದ ಕಾಲಮ್ಮಿನಲ್ಲಿ ಐದು ವರ್ಷದ ಬಾಕಿ ಇದೆ. ಮೊಬೈಲಿನಲ್ಲಿ ಕಳಿಸಬೇಡ, ತೆಗೆದುಕೊಳ್ಳುವುದಿಲ್ಲ. ರಸೀತಿಯನ್ನು ಕೈಗೇ ಕೊಡಬೇಕು ಅನ್ನುವುದು ಪೋಸ್ಟಣ್ಣನ ಪದ್ಧತಿ. ಕರಗ ಹೊರಡುವುದರೊಳಗೆ ಬಾ. ಕೀಲಿಕೈ ಕಾಕನ ಅಂಗಡಿಯಲ್ಲಿದೆ.

ನಿನ್ನ,
ಕೆಳಗಿನ ಮನೆಯವನು