ಎರಡು ತಿಂಗಳ ನೆಂಟನಿಂದ ಉಸ್ತಾದನಿಗೆ

ಮಲ್ಪೆ, ಉಡುಪಿ ಜಿಲ್ಲೆ

ಪ್ರಿಯ ಗೆಳೆಯ,

ಮೊನ್ನೆ ನೀನು ಕುಂದಾಪುರದಿಂದ ಫೋನು ಮಾಡಿ, ತಂಗಿಯ ಮಗ, ಸ್ವಂತ ಕೆಲಸ ಇಟ್ಟುಕೊಂಡೇ ವರ್ಷಕ್ಕೆ ಎರಡು ತಿಂಗಳು ಸೈನಿಕರಾಗುವವರ ಟೆರಿಟೋರಿಯಲ್ ಆರ್ಮಿಗೆ (ಟಿಎ) ಸೇರುತ್ತೇನೆಂದು ಹಟ ಹಿಡಿದಿದ್ದಾನೆ, "ನಿಮ್ಮ ನೆಂಟರ ಪಲ್ಟನ್ನಿಗೆ ಹುಡುಗನನ್ನು ಕಳಿಸಬಹುದೋ ಬೇಡವೋ ನೀನೇ ಹೇಳು" ಎಂದು ಕೇಳಿ ನಕ್ಕೆಯಲ್ಲ, ಆಗ ಶೆಡ್ಡಿನಲ್ಲಿ ಬೋಟಿನ ಎಂಜಿನ್ ಬಿಚ್ಚಿಟ್ಟಿತ್ತು, ಕೈತುಂಬ ಗ್ರೀಸು. ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟುಬಿಟ್ಟೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತು ಅದಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪರೇಡ್ ಮೈದಾನದಲ್ಲಿ, ನಮಗೆ ತರಬೇತಿ ಕೊಡುತ್ತಿದ್ದ ಕಾಯಂ ಸೇನೆಯ ನಿನ್ನನ್ನು "ಉಸ್ತಾದ್, ನೀವು" ಎನ್ನುತ್ತಿದ್ದವನು ಈಗ "ನೀನು" ಎಂದು ಬರೆಯುವಾಗ ಇವತ್ತಿಗೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

"ನೆಂಟರು" ಎಂಬ ಹೆಸರಿಟ್ಟವನು ನೀನೇ. ವಾರ್ಷಿಕ ಕ್ಯಾಂಪಿನ ಮೊದಲ ದಿನ ಬ್ಯಾಗು ಹೊತ್ತು ಗೇಟಿನ ಬಳಿ ನಿಂತಿದ್ದ ನಮ್ಮನ್ನು, ಯಾರ ಹೊಟ್ಟೆ ಎಷ್ಟು ಬೆಳೆದಿದೆ ಎಂದು ಅಳೆಯುವಂತೆ ಒಬ್ಬೊಬ್ಬರನ್ನಾಗಿ ನೋಡಿ, "ನೆಂಟರು ಬಂದರು, ಲಂಗರಿನ ಅಡುಗೆಯವರಿಗೆ ತಿಳಿಸಿ" ಎಂದೆ. ಮಲಯಾಳಿಗಳೂ ತಮಿಳರೂ ಕಲಿತ ಮೊದಲ ಕನ್ನಡ ಪದ ಅದೇ ಆಯಿತು. ನಾನಾದರೋ ಅದನ್ನು ಹಲವು ವರ್ಷ ಅವಮಾನವೆಂದೇ ಎಣಿಸಿಕೊಂಡಿದ್ದೆ.

ಅವಮಾನವಾಗುವುದಕ್ಕೆ ಕಾರಣವೂ ಇತ್ತು. 1948ರ ಕಾಯಿದೆಯಿಂದ ಹುಟ್ಟಿ, 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ ಉದ್ಘಾಟನೆಗೊಂಡ ಈ ಸೇನೆಯ ಕೆಲಸವೇ ಕಾಯಂ ಸೈನಿಕರನ್ನು ಕಾವಲಿನಂಥ ಸ್ಥಿರ ಕರ್ತವ್ಯಗಳಿಂದ ಬಿಡುಗಡೆ ಮಾಡುವುದು ಮತ್ತು ಆಪತ್ತಿನಲ್ಲಿ ನಾಗರಿಕ ಆಡಳಿತಕ್ಕೆ ನೆರವಾಗುವುದು. ಬ್ಯಾರಕ್ಕಿನ ಭಾಷೆಯಲ್ಲಿ ಇದರ ಅರ್ಥ "ಗೇಟು ಕಾಯುವವರು" ಎಂದಷ್ಟೇ. 1962, 1965, 1971ರ ಯುದ್ಧಗಳಲ್ಲಿ ಟಿಎಯೂ ಇತ್ತೆಂದು ನಾನು ವಾದಕ್ಕಿಳಿದರೆ ನೀನು "ಇತ್ತು, ಇತ್ತು" ಎಂದು ಬೀಡಿ ಹಚ್ಚುತ್ತಿದ್ದೆ. ಈ ತಾತ್ಸಾರ ನಮ್ಮ ದೇಶದ್ದೇ ಸೃಷ್ಟಿಯಲ್ಲ. ಭಾರತದಲ್ಲಿ 1902ರಿಂದ 1909ರವರೆಗೆ ಸೇನಾಪತಿಯಾಗಿದ್ದ ಕಿಚನರ್, 1914ರಲ್ಲಿ ಇಂಗ್ಲೆಂಡಿನ ಯುದ್ಧಮಂತ್ರಿಯಾದಾಗ, ಸಿದ್ಧವಾಗಿದ್ದ ಅಲ್ಲಿನ ಟೆರಿಟೋರಿಯಲ್ ಪಡೆಯನ್ನು ನಂಬದೆ ಹೊಸದಾಗಿ ಬೇರೆಯೇ ಸೇನೆ ಕಟ್ಟಲು ಹೊರಟ. ಆದರೂ ಅದೇ ವರ್ಷದ ಅಕ್ಟೋಬರ್ ಕೊನೆಗೆ ಬೆಲ್ಜಿಯಮ್ಮಿನ ಮೆಸಿನ್ ಬಳಿ ಲಂಡನ್ ಸ್ಕಾಟಿಷ್ ಎಂಬ ಟೆರಿಟೋರಿಯಲ್ ಬೆಟಾಲಿಯನ್ ಕಾಳಗಕ್ಕೆ ಇಳಿಯಬೇಕಾಯಿತು.

ನಿನ್ನ ಮಾತು ಪೂರ್ತಿ ಸುಳ್ಳೆಂದು ಮಾತ್ರ ನಾನು ಹೇಳಲಾರೆ. ಮೂರನೆಯ ಕ್ಯಾಂಪಿನಲ್ಲಿ ಫೈರಿಂಗ್ ರೇಂಜಿಗೆ ಹೋದ ದಿನ ನೆನಪಿದೆಯೇ? ಹತ್ತು ತಿಂಗಳು ಸ್ಪಾನರ್ ಹಿಡಿದ ಕೈಗೆ ರೈಫಲ್ ಅಪರಿಚಿತವಾಗಿತ್ತು. ಅಂಗೈಯಗಲದಲ್ಲಿ ಕೂಡಬೇಕಿದ್ದ ಐದು ಗುಂಡುಗಳು ಟಾರ್ಗೆಟ್ಟಿನ ಮೂಲೆಮೂಲೆಗೆ ಹೋಗಿದ್ದವು. ಅಲ್ಲಿದ್ದ ಇನ್ನೊಬ್ಬ ಉಸ್ತಾದ್, "ಬಿಡು, ಟಿಎಯವರು, ಇಷ್ಟು ಸಾಕು" ಎಂದು ಪುಸ್ತಕದಲ್ಲಿ ಟಿಕ್ ಹಾಕಲು ಹೊರಟಾಗ ನೀನು ತಡೆದೆ. ಸಂಜೆ ಉಳಿದವರೆಲ್ಲ ಚಹಾಕ್ಕೆ ಹೋದ ಮೇಲೆ ನನ್ನನ್ನು ನೆಲದ ಮೇಲೆ ಮಲಗಿಸಿ, ಖಾಲಿ ರೈಫಲ್ಲಿನ ನಳಿಕೆಯ ತುದಿಯಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತು ಎಂದೆ. ಕ್ಲಿಕ್ಕೆಂದರೆ ಸಾಕು, ನಾಣ್ಯ ಬೀಳುತ್ತಿತ್ತು. ನೀನು ಬಗ್ಗಿ ಹೆಕ್ಕಿ ಮತ್ತೆ ಇಡುತ್ತಿದ್ದೆ. ಉಸಿರನ್ನು ಅರ್ಧ ಬಿಟ್ಟು ಹಿಡಿದು, ಬೆರಳಿನ ಮೊದಲ ಗೆಣ್ಣಿನಿಂದ ಮಾತ್ರ ಒತ್ತಬೇಕೆಂಬುದನ್ನು ಮೈ ಮತ್ತೆ ಕಲಿಯುವ ಹೊತ್ತಿಗೆ ಕತ್ತಲಾಗಿ ನಾಣ್ಯವೇ ಕಾಣಿಸುತ್ತಿರಲಿಲ್ಲ; ಬಿತ್ತೋ ಇಲ್ಲವೋ ಎಂದು ಸದ್ದಿನಿಂದ ತಿಳಿಯಬೇಕಿತ್ತು. ಕೊನೆಗೆ ನೀನು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ನಾಣ್ಯ ನನ್ನ ಕೈಗೆ ಕೊಟ್ಟು, "ನಾಳೆ ಬರುವಾಗ ತಾ" ಎಂದೆ.

ಬಾಯಲ್ಲಿ ನಮ್ಮನ್ನು ನೆಂಟರೆಂದ ನೀನು ನಮಗೆ ನೆಂಟರ ಉಪಚಾರ ಮಾತ್ರ ಎಂದೂ ಮಾಡಲಿಲ್ಲ. "ಇಷ್ಟು ಸಾಕು" ಎಂದ ಆ ಇನ್ನೊಬ್ಬರು ನಮ್ಮನ್ನು ಒಮ್ಮೆಯೂ ಹೀಯಾಳಿಸಿದವರಲ್ಲ, ಮಾತೂ ಮೆತ್ತಗಿತ್ತು. ಆದರೆ ಯುದ್ಧ ಬಂದರೆ ನಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಉದ್ದೇಶವೇ ಅವರಿಗಿರಲಿಲ್ಲ.

ನೆರೆ ಕೆಲಸಕ್ಕೆ ಹೋದ ಆ ಮಳೆಗಾಲದ ರಾತ್ರಿಯ ಕಥೆಯನ್ನು ನೀನು ಎಲ್ಲರೆದುರು ನನ್ನ ಪರವಾಗಿ ದೊಡ್ಡದು ಮಾಡಿ ಹೇಳುತ್ತೀ. ನಡೆದದ್ದು ಸಣ್ಣದು. ದೋಣಿಯಲ್ಲಿ ಎಂಟು ಜನರಿದ್ದಾಗ ಔಟ್‌ಬೋರ್ಡ್ ಎಂಜಿನ್ ನಿಂತಿತು. ಪೆಟ್ರೋಲಿಗೆ ನೀರು ಸೇರಿತ್ತು. ಅದು ಮಲ್ಪೆ ಬಂದರಿನ ಯಾವ ಹುಡುಗನಿಗೂ ಸದ್ದಿನಿಂದಲೇ ತಿಳಿಯುತ್ತಿತ್ತು. ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ನೀರು ಚೆಲ್ಲಿ, ಪ್ಲಗ್ಗನ್ನು ಬನಿಯನ್ನಿನ ತುದಿಯಿಂದ ಒರೆಸಿ ಹಾಕಿದೆ, ಅಷ್ಟೇ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಗಳಿಂದ ಮರದ ಕೊಂಬೆ ಹಿಡಿದು ದೋಣಿಯನ್ನು ಸೆಳವಿಗೆ ಸಿಗದಂತೆ ನಿಲ್ಲಿಸಿದ್ದವನು ನೀನು. ನಿನ್ನ ಕೈ ಸೋತಿದ್ದರೆ ನನ್ನ ವಿದ್ಯೆಗೆ ಏನು ಬೆಲೆಯಿತ್ತು? ಮರುದಿನ ಫಾಲ್-ಇನ್‌ನಲ್ಲಿ ಬೂಟು ಕೆಸರಾಗಿದೆಯೆಂದು ನನ್ನನ್ನು ಸಾಲಿನಿಂದ ಹೊರಗೆ ಕರೆದೆ.

ಅದೇ ರಾತ್ರಿ, ಶಾಲೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕುಳಿತಿದ್ದಾಗ, ನೀನು ಹೇಳಿದ ಒಂದು ಮಾತಿಗಾಗಿ ಈ ಪತ್ರ. "ನೀನು ವರ್ಷಕ್ಕೆ ಎರಡು ತಿಂಗಳು ಇಲ್ಲಿಗೆ ಬರುತ್ತೀ, ನಾನು ವರ್ಷಕ್ಕೆ ಅರವತ್ತು ದಿನ ರಜೆ ಹಾಕಿ ಮನೆಗೆ ಹೋಗುತ್ತೇನೆ. ಕಳೆದ ಸಲ ಮಗಳು ನನ್ನನ್ನು ನೋಡಿ ಒಳಗೆ ಓಡಿ, ಯಾರೋ ನೆಂಟರು ಬಂದಿದ್ದಾರೆ ಎಂದಳು" ಎಂದೆ. ಆ ಪದ ನಿನಗೆ ಎಲ್ಲಿಂದ ಸಿಕ್ಕಿತೆಂದು ಆಗ ನನಗೆ ಗೊತ್ತಾಯಿತು. ಮೀನುಸಾರು ಉಂಡು ಮಕ್ಕಳ ಪಕ್ಕ ಮಲಗುವ ಹತ್ತು ತಿಂಗಳನ್ನು ಇಟ್ಟುಕೊಂಡೂ ಸೈನಿಕನೆನಿಸಿಕೊಳ್ಳುವ ನನ್ನನ್ನು ಕಂಡು ನೀನು ಉರಿದುಕೊಂಡಿದ್ದರೆ ಅದರಲ್ಲಿ ತಪ್ಪೇನಿದೆ? ನಾನೂ ನಿನ್ನನ್ನು ಕಂಡು ಉರಿದವನೇ. ದೋಣಿಗಳು ದಡದಲ್ಲಿರುವ ಜೂನ್, ಜುಲೈಯ 61 ದಿನಗಳ ಮೀನುಗಾರಿಕೆ ನಿಷೇಧವೇ ನಮ್ಮ ರಿಪೇರಿಯ ಹಂಗಾಮು. ಒಂದು ವರ್ಷ ಅದೇ ಹೊತ್ತಿಗೆ ಕ್ಯಾಂಪ್ ಬಿದ್ದು, ನಾಲ್ಕು ಬೋಟಿನ ಮಾಲೀಕರು "ನಿನ್ನ ಮಿಲಿಟರಿ ಮುಗಿಸಿ ನಿಧಾನ ಬಾ ಮಾರಾಯ" ಎಂದು ಬೇರೆ ಶೆಡ್ಡಿಗೆ ಹೋದರು. ಇಬ್ಬರು ಇವತ್ತಿಗೂ ಮರಳಿಲ್ಲ. ಕೆಲಸಕ್ಕಿದ್ದವನನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಮಾಲೀಕನಿಗೆ ಹೇಳುವ ಕಲಮು ಕಾಯಿದೆಯಲ್ಲಿದೆ, ಸರಿ. ತನಗೆ ತಾನೇ ಮಾಲೀಕನಾದವನು ಯಾರ ಮೇಲೆ ದೂರು ಕೊಡಬೇಕು?

ನಿವೃತ್ತಿಯ ನಂತರದ ಅಂತರವನ್ನೂ ಹುಡುಗನಿಗೆ ಹೇಳಬೇಕು. ಎಂಬಾಡಿ ಆಗಿ, ಅಂದರೆ ಆದೇಶದ ಮೇಲೆ ಪೂರ್ಣಾವಧಿ ಸೇವೆಗೆ ಸೇರಿ, ಸಮವಸ್ತ್ರದಲ್ಲಿ ಕಳೆದ ದಿನಗಳೇ ಹದಿನೈದು ವರ್ಷವಾದರೆ ಮಾತ್ರ ಸಾಮಾನ್ಯ ಸೈನಿಕನಿಗೆ ಪೆನ್ಷನ್. ನನ್ನದು ಅದರ ಹತ್ತಿರವೂ ಬರಲಿಲ್ಲ. ಆದ್ದರಿಂದ ಕಾಗದದ ಮೇಲೆ ನಾನು ಮಾಜಿ ಸೈನಿಕನೂ ಅಲ್ಲ. ಒಂದು ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಮಂಗಳೂರಿನ ಕದ್ರಿಯ ಯುದ್ಧಸ್ಮಾರಕದ ಬಳಿ, ಎದೆ ತುಂಬ ಪದಕ ಧರಿಸಿದ್ದ ಹಿರಿಯರೊಬ್ಬರು ಯಾವ ರೆಜಿಮೆಂಟ್ ಎಂದು ಪ್ರೀತಿಯಿಂದ ಕೇಳಿದರು. ಟಿಎ ಎಂದೆ. "ಓ" ಎಂದು ಪಕ್ಕದವರ ಕಡೆ ತಿರುಗಿದರು. ಊರಿನವರದಂತೂ ಇನ್ನೊಂದು ಬಗೆ: "ಧೋನಿ ಇರುವುದು ಅದರಲ್ಲಲ್ಲವಾ?"

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ನಾವಿಬ್ಬರೂ ನಮ್ಮ ನಮ್ಮ ಮನೆಯಲ್ಲಿ ಟಿವಿ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದೆವು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆ ಕಟ್ಟುತ್ತಿದ್ದರು, 122ನೇ ಟಿಎ ಬೆಟಾಲಿಯನ್ನಿನವರೂ ಅದೇ ಕೆಸರಿನಲ್ಲಿದ್ದರು. ವಾರ್ತೆಯವರಿಗೆ ಎರಡೂ "ಸೇನೆ"ಯೇ. ಟಿಎಯಲ್ಲಿ ಗೌರವ ಪದವಿಯಿರುವ ನಟ ಮೋಹನ್‌ಲಾಲ್ ಸಮವಸ್ತ್ರದಲ್ಲಿ ಬಂದಾಗ ನೀನು "ನೋಡು, ನಿಮ್ಮ ಲೆಫ್ಟಿನೆಂಟ್ ಕರ್ನಲ್" ಎಂದು ಛೇಡಿಸಿದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಸರಿನಲ್ಲಿ ಸಾಲಾಗಿ ಸಾಗುತ್ತಿದ್ದ ಹುಡುಗರನ್ನು ನೋಡಿ, "ಆ ಮೂರನೆಯವನು ಸಲಿಕೆ ಹಿಡಿದ ರೀತಿ ನೋಡು, ಊರಲ್ಲಿ ತೋಟದ ಕೆಲಸ ಮಾಡಿದವನೇ ಇರಬೇಕು" ಎಂದೆ. ನಿನ್ನ ದನಿಯಲ್ಲಿ ತಮಾಷೆ ಇರಲಿಲ್ಲ.

ಹಾಗಾದರೆ ಹುಡುಗನ ವಿಷಯ. ಕೆಲಸವಿಲ್ಲವೆಂಬ ಕಾರಣಕ್ಕೆ ಹೊರಟಿದ್ದರೆ ಬೇಡವೆನ್ನು. ಸ್ವಂತ ಸಂಪಾದನೆ ಇದ್ದವನಿಗಾಗಿಯೇ ಇರುವ ಸೇನೆ ಅದು. ಸಂಪಾದನೆ ಇದ್ದು, ವರ್ಷಕ್ಕೆರಡು ತಿಂಗಳು ಅದಕ್ಕೆ ಪೆಟ್ಟು ಬೀಳುವುದನ್ನು ತಾಳಿಕೊಳ್ಳಬಲ್ಲನಾದರೆ ಕಳಿಸು. ಎಂಬಾಡಿಮೆಂಟಿನ ಆದೇಶ ಬಂದರೆ ಎರಡು ತಿಂಗಳು ಎರಡು ವರ್ಷವೂ ಆದೀತು, ಅದನ್ನು ತಂಗಿಗೂ ತಿಳಿಸು. ಬರುವ ಭಾನುವಾರ ಶೆಡ್ಡಿಗೆ ರಜೆ, ಇಬ್ಬರೂ ಮಧ್ಯಾಹ್ನದ ಊಟಕ್ಕೆ ಬನ್ನಿ. ನೀನು ಕೊಟ್ಟ ನಾಣ್ಯ ನನ್ನ ಬಳಿಯೇ ಇದೆ. ರೈಫಲ್ ಇಲ್ಲವಾದರೂ ಉದ್ದ ಮೂತಿಯ ಗ್ರೀಸ್ ಗನ್ ಇದೆ. ಅದರ ತುದಿಗೆ ಇಟ್ಟು ಹುಡುಗನ ಕೈ ನೋಡೋಣ. ಬಿದ್ದರೆ ಹೆಕ್ಕುವವನು ನೀನೇ.

ನಿನ್ನ,
ಮಲ್ಪೆಯ ನೆಂಟ