ಗಾಜಿನ ಹೆಂಚಿನ ಬೆಳಕು

ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಒಲೆ ಮುಂದೆ ಕೂತ ಅಜ್ಜಿ ಚೆನ್ನಾಗಿಯೇ ಕಾಣುತ್ತಾರೆ. ಆದರೆ ಕೆಳಗೆ ‘ನಾನು ನೋಡಿದ್ದು ಇದಲ್ಲ ಅಪ್ಪಾ’ ಅಂತ ಬರೆದಿದ್ದೀಯಲ್ಲ, ಫೋಟೋಗಿಂತ ಆ ಮಾತೇ ನನಗೆ ಜಾಸ್ತಿ ಖುಷಿ ಕೊಟ್ಟಿತು.

ನೀನು ನೋಡಿದ್ದೇನು? ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲು, ಅದರೊಳಗೆ ಏಳುವ ಹೊಗೆ, ಸುತ್ತ ಕತ್ತಲೆ. ಅಲ್ವಾ? ಫೋಟೋದಲ್ಲಿ ಆ ಕತ್ತಲೆಯೇ ಇಲ್ಲ. ಕ್ಯಾಲೆಂಡರು, ಮೂಲೆಯ ಗ್ಯಾಸ್ ಸಿಲಿಂಡರು ಎಲ್ಲ ಎದ್ದು ಕಾಣುತ್ತಿವೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಅದು ಅಡುಗೆಮನೆ ಅಂತ ಗೊತ್ತಿಲ್ಲ ಮಗಳೇ. ಎದುರಿಗೆ ಏನಿದ್ದರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಮಸಿ ಹಿಡಿದ ಗೋಡೆ ಕಂಡರೆ ಬೆಳಕು ಸಾಲದು ಅಂತ ಇನ್ನಷ್ಟು ಎಳೆದುಕೊಳ್ಳುತ್ತದೆ. ಗೋಡೆ ಬೆಳ್ಳಗಾಗುತ್ತದೆ, ಬಿಸಿಲುಕೋಲು ಅದರಲ್ಲಿ ಕಳೆದುಹೋಗುತ್ತದೆ.

ನನಗೆ ಇದೇ ಪಾಠ ತಿರುಗುಮುರುಗಾಗಿ ಸಿಕ್ಕಿತ್ತು. ಆಗುಂಬೆಯ ಮಂಜಿಗೆ ಒಂದು ಸ್ಲೈಡ್ ಫಿಲ್ಮ್ ರೋಲ್ ಪೂರ್ತಿ ಖರ್ಚು ಮಾಡಿದ್ದೆ. 36 ಚಿತ್ರಗಳಲ್ಲೂ ಮಂಜು ಒಲೆಬೂದಿಯ ಬಣ್ಣಕ್ಕೆ ಬಂದಿತ್ತು. ಬಿಳಿಯನ್ನೂ ಮೀಟರು ಬೂದಿಗೇ ಎಳೆಯುತ್ತದೆ. ಅಂದು ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕಿತ್ತು (ಒಂದು ಸ್ಟಾಪ್ ಹೆಚ್ಚು ಅಂದರೆ ಬೆಳಕು ಎರಡರಷ್ಟು).

ಆನ್ಸೆಲ್ ಆಡಮ್ಸ್ ಅಂತ ಅಮೆರಿಕದ ಛಾಯಾಗ್ರಾಹಕರಿದ್ದರು. 1927ರ ಏಪ್ರಿಲ್ 10ರಂದು ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಎದುರು ನಿಂತಾಗ ಅವರ ಬಳಿ ಉಳಿದಿದ್ದು ಎರಡೇ ಗಾಜಿನ ಪ್ಲೇಟು, ಅಂದರೆ ಎರಡೇ ಚಿತ್ರಕ್ಕೆ ಸಾಲುವಷ್ಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಮೇಲೆ, ತಮಗೆ ಆ ಬಂಡೆ ಮುಟ್ಟಿದ ರೀತಿ ಇದಲ್ಲ, ಅದರ ಹಿಂದಿನ ಆಕಾಶ ಕಪ್ಪಗಿರಬೇಕು ಅನ್ನಿಸಿತು. ಕೊನೆಯ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿಯನ್ನು ತಡೆಯುತ್ತದೆ, ಹಾಗಾಗಿ ಆಕಾಶ ಕಪ್ಪಾಯಿತು. ಬೇಕಾದ ಚಿತ್ರ ಮೊದಲು ಅವರ ಮನಸ್ಸಿನಲ್ಲಿತ್ತು, ಫಿಲ್ಟರ್ ಆಮೇಲೆ ಬಂತು.

ನೀನೂ ಹಾಗೇ ಮಾಡು. ಕ್ಲಿಕ್ ಮಾಡುವ ಮೊದಲು ಯಾವುದು ಕಪ್ಪಗಿರಬೇಕು, ಯಾವುದು ಹೊಳೆಯಬೇಕು ಅಂತ ಬಾಯಿಬಿಟ್ಟು ಹೇಳಿಕೋ. ಆಮೇಲೆ ಫೋನಿನಲ್ಲಿ ಬಿಸಿಲುಕೋಲಿನ ಮೇಲೆ ಬೆರಳಿಟ್ಟು, ಬೆಳಕಿನ ಗುರುತನ್ನು ಕೆಳಗೆ ಎಳೆ. ಕತ್ತಲೆ ತಾನಾಗಿ ಬರುತ್ತದೆ. ಇನ್ನೊಂದು ಮಾತು, ನೀನು ಬೆಳಕಿಗೆ ಬೆನ್ನು ಹಾಕಿ ನಿಂತಿದ್ದೆ. ಹಿತ್ತಿಲ ಬಾಗಿಲ ಕಡೆಯಿಂದ ತೆಗೆದು ನೋಡು. ಬೆಳಕು ನಿನ್ನ ಕಡೆಗೆ ಬರುವಾಗ ಹೊಗೆ ಹೊಳೆಯುತ್ತದೆ. ಹಿಂದೆ ಮಸಿಗೋಡೆ ಸಿಗುತ್ತದೆ, ಸಿಲಿಂಡರೂ ಮರೆಯಾಗುತ್ತದೆ.

ನಿನ್ನೆ ಏಣಿ ಹಾಕಿ ಗಾಜಿನ ಹೆಂಚು ತೊಳೆದೆ. ಈಗ ಹತ್ತು ಗಂಟೆ ಹೊತ್ತಿಗೆ ಬಿಸಿಲು ಸರಿಯಾಗಿ ಒಲೆ ಮುಂದೆ ಬೀಳುತ್ತಿದೆ. ಶನಿವಾರ ರಾತ್ರಿ ಬಸ್ಸಿಗೇ ಬಾ. ಸ್ವಲ್ಪ ಹಸಿ ಸೌದೆ ಎತ್ತಿಡುತ್ತೇನೆ ಅಂದಿದ್ದಾರೆ ಅಜ್ಜಿ.

ನಿನ್ನ
ಅಪ್ಪ