ಕಾರ್ಡ್ ಭದ್ರತೆಯ ಸಮ್ಮೇಳನಗಳಲ್ಲಿ ಸಣ್ಣವರಿಗೂ ಕುರ್ಚಿ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಡೆಬಿಟ್, ಕ್ರೆಡಿಟ್ ಕಾರ್ಡುಗಳ ಭದ್ರತೆ ಹಾಗೂ ಸೈಬರ್ ಅಪರಾಧ ತಡೆಯನ್ನು ಕುರಿತು ಬೆಂಗಳೂರು, ಮುಂಬೈಗಳ ದೊಡ್ಡ ಹೋಟೆಲುಗಳಲ್ಲಿ ಉದ್ಯಮದವರ ಸಮ್ಮೇಳನಗಳು ಮೇಲಿಂದ ಮೇಲೆ ನಡೆಯುತ್ತಿವೆ. ಸಹಕಾರಿ ಬ್ಯಾಂಕೊಂದರಲ್ಲಿ ಎಟಿಎಂ ಮತ್ತು ಕಾರ್ಡ್ ವಿಭಾಗವನ್ನು ನೋಡಿಕೊಂಡು ನಿವೃತ್ತನಾದ ನನಗೆ ಇಂಥ ಸಮ್ಮೇಳನಗಳ ಬಗ್ಗೆ ತಾತ್ಸಾರವಿಲ್ಲ. ಅಲ್ಲಿ ಸೇರುವವರು ಯಾರು, ಅಲ್ಲಿ ಆಡಿದ ಮಾತು ಎಲ್ಲಿಯವರೆಗೆ ತಲುಪುತ್ತದೆ ಎಂಬ ವಿಷಯದಲ್ಲಿ ಮಾತ್ರ ತಕರಾರಿದೆ.

ಈ ಸಭೆಗಳಿಂದ ಉಪಯೋಗವೇ ಇಲ್ಲ ಎನ್ನುವವರು ಕಾರ್ಡ್ ಪಾವತಿ ಉದ್ಯಮಕ್ಕೆ (ಪಿಸಿಐ) ನಿಯಮ ರೂಪಿಸುವ ಪಿಸಿಐ ಭದ್ರತಾ ಮಾನದಂಡ ಮಂಡಳಿಯನ್ನು ಗಮನಿಸಬೇಕು. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್ ಮತ್ತು ಜೆಸಿಬಿ ಎಂಬ ಐದು ಕಾರ್ಡ್ ಕಂಪನಿಗಳು ವ್ಯಾಪಾರದಲ್ಲಿ ಪರಸ್ಪರ ಪೈಪೋಟಿಗಿಳಿದಿದ್ದರೂ 2006ರಲ್ಲಿ ಒಟ್ಟಾಗಿ ಅದನ್ನು ಸ್ಥಾಪಿಸಿದವು. ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾ-ಪೆಸಿಫಿಕ್ ವಲಯಗಳಲ್ಲಿ ಮಂಡಳಿ ನಡೆಸುವ ವಾರ್ಷಿಕ ಸಭೆಗಳಿಗೆ ಬ್ಯಾಂಕಿನವರು, ವ್ಯಾಪಾರಿ ಸಂಸ್ಥೆಗಳವರು, ಭದ್ರತಾ ಪರಿಶೋಧಕರು ಬರುತ್ತಾರೆ. ಕಾರ್ಡ್ ಮಾಹಿತಿಯನ್ನು ಮುಟ್ಟುವ ಪ್ರತಿಯೊಬ್ಬರೂ ಪಾಲಿಸಬೇಕಾದ ಮಾನದಂಡದ 4.0 ಆವೃತ್ತಿ 2022ರ ಮಾರ್ಚ್‌ನಲ್ಲಿ ಹೊರಬಂದಿದ್ದು ಉದ್ಯಮದವರ ಅಭಿಪ್ರಾಯಗಳನ್ನು ಹಲವು ಸುತ್ತು ಪಡೆದ ಮೇಲೆಯೇ. ಹೀಗೆ ಕೂಡಿ ಕುಳಿತು ಕೆಲಸ ಮಾಡುವುದು ಬೇಕೇ ಬೇಕು.

ಆದರೆ ತಿಳಿದ ಸಂಗತಿ ಮೇಲಿನ ಅಂತಸ್ತಿನಲ್ಲೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿನ ಪ್ರಕರಣ ಸಾಕು. 2018ರ ಆಗಸ್ಟ್ 10ರಂದು ಅಮೆರಿಕದ ಎಫ್‌ಬಿಐ, ಜಗತ್ತಿನ ಹಲವೆಡೆ ಏಕಕಾಲಕ್ಕೆ ಎಟಿಎಂಗಳಿಂದ ಹಣ ದೋಚುವ ಸಂಚು ನಡೆದಿದೆಯೆಂದು ಬ್ಯಾಂಕುಗಳಿಗೆ ಗೋಪ್ಯ ಎಚ್ಚರಿಕೆ ಕಳುಹಿಸಿತು. ಮರುದಿನ, ಶನಿವಾರ, ಕಾಸ್ಮೊಸ್ ಬ್ಯಾಂಕಿನ ನಕಲಿ ಕಾರ್ಡುಗಳನ್ನು ಹಿಡಿದವರು 28 ದೇಶಗಳಲ್ಲಿ ಸುಮಾರು 78 ಕೋಟಿ ರೂಪಾಯಿ, ಭಾರತದೊಳಗೆ ಎರಡೂವರೆ ಕೋಟಿ ರೂಪಾಯಿ ಎತ್ತಿಕೊಂಡರು. ಸೋಮವಾರ, ಬ್ಯಾಂಕುಗಳು ದೇಶದಿಂದ ದೇಶಕ್ಕೆ ಹಣ ಕಳುಹಿಸಲು ಬಳಸುವ ಸ್ವಿಫ್ಟ್ ಜಾಲದ ಮೂಲಕ ಇನ್ನೂ 13.92 ಕೋಟಿ ರೂಪಾಯಿ ಹಾಂಗ್‌ಕಾಂಗ್‌ಗೆ ಹೋಯಿತು. ದಾಳಿಕೋರರು, ಎಟಿಎಂನಿಂದ ಬಂದ ಕೋರಿಕೆಯನ್ನು ಬ್ಯಾಂಕಿನ ಕಂಪ್ಯೂಟರಿಗೆ ದಾಟಿಸುವ ಎಟಿಎಂ ಸ್ವಿಚ್‌ಗೆ ಬದಲಿಯಾಗಿ ತಮ್ಮದೇ ನಕಲಿ ಸ್ವಿಚ್ ಕೂರಿಸಿದ್ದರಿಂದ, ಹಣ ಕೇಳಿ ಬಂದ ಕೋರಿಕೆ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯವರೆಗೆ ಹೋಗುತ್ತಲೇ ಇರಲಿಲ್ಲ, ನಡುವೆಯೇ ಒಪ್ಪಿಗೆ ಸಿಕ್ಕಿಬಿಡುತ್ತಿತ್ತು. ರಿಸರ್ವ್ ಬ್ಯಾಂಕ್ ಅದೇ ಅಕ್ಟೋಬರ್‌ನಲ್ಲಿ ನಗರ ಸಹಕಾರಿ ಬ್ಯಾಂಕುಗಳಿಗೆ ಮೂಲಭೂತ ಸೈಬರ್ ಭದ್ರತಾ ಚೌಕಟ್ಟನ್ನು, ಮುಂದಿನ ವರ್ಷದ ಕೊನೆಗೆ ಹಂತವಾರು ನಿಯಮಗಳನ್ನು ಹೊರಡಿಸಿತು. ನಿಯಮದ ಕಡತ ಶಾಖೆಗೆ ಬಂತು, ಸರಿ. ಸ್ವಿಚ್ ನಿರ್ವಹಣೆಯನ್ನು ಹೊರಗಿನವರಿಗೆ ವಹಿಸಿ, ಕಂಪ್ಯೂಟರ್ ತಿಳಿದ ಒಬ್ಬಿಬ್ಬರನ್ನೇ ನಂಬಿಕೊಂಡಿರುವ ಬ್ಯಾಂಕಿನವರಿಗೆ ಆ ಶನಿವಾರ ಯಾವ ಸೂಚನೆ ಕಂಡಿತ್ತು, ಯಾವುದು ತಪ್ಪಿತು ಎಂಬುದನ್ನು ಬಿಡಿಸಿ ಹೇಳುವವರು ಬೇಕು. ಅಂಥವರು ಸಮ್ಮೇಳನಗಳಲ್ಲಿ ಸಿಗುತ್ತಾರೆ. ಪ್ರವೇಶ ಶುಲ್ಕ, ಪ್ರಯಾಣ, ವಾಸ್ತವ್ಯದ ಖರ್ಚಿಗೆ ಒಪ್ಪಿಗೆ ಕೊಡುವ ಆಡಳಿತ ಮಂಡಳಿ ಮಾತ್ರ ತಾಲ್ಲೂಕು ಮಟ್ಟದಲ್ಲಿ ಸಿಗುವುದಿಲ್ಲ.

ವ್ಯಾಪಾರಿಗಳ ಸ್ಥಿತಿಯೂ ಇದೇ. ಪಿಸಿಐ ಮಾನದಂಡದ ಪ್ರಕಾರ, ವಹಿವಾಟಿಗೆ ಅನುಮೋದನೆ ಸಿಕ್ಕ ಮೇಲೆ ಕಾರ್ಡಿನ ಹಿಂಬದಿಯ ಸಿವಿವಿ ಸಂಖ್ಯೆಯನ್ನು ವ್ಯಾಪಾರಿ ಯಾವ ರೂಪದಲ್ಲೂ ಇಟ್ಟುಕೊಳ್ಳುವಂತಿಲ್ಲ. ಇತ್ತ ಹೋಂಸ್ಟೇ ಕಾಯ್ದಿರಿಸಲು ಫೋನ್ ಮಾಡಿದರೆ, ‘ಕಾರ್ಡಿನ ಎರಡೂ ಕಡೆ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿ ಸಾರ್’ ಎನ್ನುವವರು ಈಗಲೂ ಇದ್ದಾರೆ. ಪೆಟ್ರೋಲ್ ಬಂಕಿನಲ್ಲಿ ಹುಡುಗ ಸ್ವೈಪ್ ಮೆಷಿನನ್ನು ತನ್ನ ಕೈಯಲ್ಲೇ ಹಿಡಿದು, ಸಾಲಿನಲ್ಲಿರುವ ಎಲ್ಲರಿಗೂ ಕೇಳುವಂತೆ ‘ಪಿನ್ ಹೇಳಿ’ ಎನ್ನುತ್ತಾನೆ, ಗ್ರಾಹಕರೂ ಹೇಳುತ್ತಾರೆ. ಇವರು ವಂಚಕರಲ್ಲ, ಇದು ತಪ್ಪೆಂದು ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ, ಅಷ್ಟೆ. ಈ ಮಾನದಂಡವನ್ನು ಪಾಲಿಸುತ್ತಿದ್ದೇನೆಂದು ಸಣ್ಣ ವ್ಯಾಪಾರಿ ತಾನೇ ತುಂಬಿ ಕೊಡಬೇಕಾದ ಸ್ವಯಂ ಮೌಲ್ಯಮಾಪನ ಪತ್ರದ ವಿಷಯ ಹಾಗಿರಲಿ, ಅಂಥದ್ದೊಂದು ಪತ್ರವಿದೆ ಎಂಬುದನ್ನು ಕೇಳಿದ ಅಂಗಡಿಯವರು ನಮ್ಮ ಪೇಟೆಯಲ್ಲಿ ನನಗೆ ಸಿಕ್ಕಿಲ್ಲ.

ಇನ್ನೊಂದು ಕಡೆ, ಅಪರಾಧವೂ ಜಾಗ ಬದಲಿಸಿದೆ. 2009ರ ಆಗಸ್ಟ್‌ನಿಂದ ಆನ್‌ಲೈನ್ ಪಾವತಿಗೆ ಎರಡನೇ ದೃಢೀಕರಣ ಕಡ್ಡಾಯವಾಯಿತು, 2018ರ ಕೊನೆಯೊಳಗೆ ಚಿಪ್ ಕಾರ್ಡ್ ಬಂತು, 2022ರ ಅಕ್ಟೋಬರ್‌ನಿಂದ ಆನ್‌ಲೈನ್ ಅಂಗಡಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳದೆ ಅದರ ಬದಲಿಗೆ ಟೋಕನ್ ಎಂಬ ಸಂಕೇತ ಸಂಖ್ಯೆಯನ್ನು ಬಳಸಬೇಕಾಯಿತು. ಇವೆಲ್ಲ ಒಳ್ಳೆಯ ಕ್ರಮಗಳೇ. ಆದ್ದರಿಂದಲೇ ಕಳ್ಳರು ಈಗ ಕಾರ್ಡನ್ನು ಬಿಟ್ಟು ಕಾರ್ಡುದಾರರಿಗೆ ಗಾಳ ಹಾಕುತ್ತಿದ್ದಾರೆ. ಕೆವೈಸಿ ಹೆಸರಿನಲ್ಲಿ ಕರೆ ಮಾಡಿ ಒಟಿಪಿ ಕೇಳುತ್ತಾರೆ, ಮೊಬೈಲ್ ಪರದೆ ಕಾಣುವ ಆ್ಯಪ್ ಹಾಕಿಸುತ್ತಾರೆ. ಹೋದ ದುಡ್ಡು ವಂಚಕರು ಬೇರೆಯವರಿಂದ ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಹಿಡಿಯಲು ಸಿಗುವ ಸಮಯ ಬಹಳ ಕಡಿಮೆ. ಆ ಹೊತ್ತಿನಲ್ಲಿ ಕೆಲಸ ಮಾಡುವವರು ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಯ ಸಿಬ್ಬಂದಿ, ಬ್ಯಾಂಕಿನ ನೋಡಲ್ ಅಧಿಕಾರಿ ಮತ್ತು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಹಾಗೂ ಮಾದಕವಸ್ತು ಅಪರಾಧ) ಠಾಣೆಯ ಪೊಲೀಸರು. ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಆದರೂ ನಾನು ನೋಡಿದ ಸಮ್ಮೇಳನಗಳ ಕಾರ್ಯಕ್ರಮ ಪಟ್ಟಿಗಳಲ್ಲಿ ಉದ್ಘಾಟನೆಗೆ ಹಿರಿಯ ಅಧಿಕಾರಿಯೊಬ್ಬರ ಹೆಸರಿರುತ್ತದೆಯೇ ಹೊರತು, ದಿನವೂ ದೂರು ಬರೆದುಕೊಳ್ಳುವ ಇನ್‌ಸ್ಪೆಕ್ಟರ್ ವೇದಿಕೆಗೆ ಬಂದದ್ದು ಕಾಣೆ. ಅವರ ಜಾಗದಲ್ಲಿ ಪ್ರಾಯೋಜಕ ಕಂಪನಿಯವರು ತಮ್ಮ ಸಾಫ್ಟ್‌ವೇರನ್ನು ಹೊಗಳಿಕೊಳ್ಳುವುದು ‘ಉಪನ್ಯಾಸ’ ಎನ್ನಿಸಿಕೊಳ್ಳುತ್ತದೆ.

ಚರ್ಚೆಗೇ ಬಾರದ ಇನ್ನೊಂದು ವಿಷಯ ಗ್ರಾಹಕರ ಹಕ್ಕು. ಖಾತೆಯಿಂದ ಅನುಮತಿಯಿಲ್ಲದೆ ಹಣ ಹೋದಾಗ ಗ್ರಾಹಕರ ಹೊಣೆಯನ್ನು ಮಿತಿಗೊಳಿಸಿ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ವಾಣಿಜ್ಯ ಬ್ಯಾಂಕುಗಳಿಗೂ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರು ಒಂದು ಪೈಸೆಯನ್ನೂ ಕಳೆದುಕೊಳ್ಳಬೇಕಿಲ್ಲ. ಗ್ರಾಹಕರದೇ ತಪ್ಪೆಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಕೌಂಟರಿನಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ‘ಒಟಿಪಿ ನೀವೇ ಕೊಟ್ಟಿರಬೇಕು’ ಎಂಬ ಒಂದೇ ಮಾತಿಗೆ ಪಿಂಚಣಿದಾರರು ತಲೆತಗ್ಗಿಸಿ ಹೊರಟುಬಿಡುತ್ತಾರೆ. ಬ್ಯಾಂಕುಗಳೇ ಹೆಚ್ಚಾಗಿ ಸೇರುವ ಸಭೆಯಲ್ಲಿ ಈ ವಿಷಯ ಏಕೆ ಬರುವುದಿಲ್ಲ ಎಂದು ಊಹಿಸುವುದು ಕಷ್ಟವೇನಲ್ಲ.

ಬೆಂಗಳೂರಿನಲ್ಲಿ ನಡೆಯುವ ಇಂಥ ಸಮ್ಮೇಳನಗಳಿಗೆ ರಾಜ್ಯ ಸರ್ಕಾರ ಸಹಯೋಗ ನೀಡುವಾಗ, ಮಂತ್ರಿಗಳು ಉದ್ಘಾಟನೆಗೆ ಒಪ್ಪಿಕೊಳ್ಳುವಾಗ ಕೆಲವು ಷರತ್ತುಗಳನ್ನು ಹಾಕಬೇಕು. ಸಹಕಾರಿ ಬ್ಯಾಂಕುಗಳ ಹಾಗೂ ಸೆನ್ ಠಾಣೆಗಳ ಸಿಬ್ಬಂದಿಗೆ ಶುಲ್ಕವಿಲ್ಲದೆ ಪ್ರವೇಶ ಕೊಡಬೇಕು. ವರ್ತಕರ ಸಂಘಗಳನ್ನು ಕರೆದು ಅರ್ಧ ದಿನವಾದರೂ ಕನ್ನಡದಲ್ಲಿ ಗೋಷ್ಠಿ ನಡೆಸಬೇಕು. ಹಿಂದಿನ ವರ್ಷ ನಡೆದ ದಾಳಿಗಳು ಹೇಗೆ ಆದವು ಎಂಬ ವಿವರವನ್ನು, ಬ್ಯಾಂಕಿನ ಹೆಸರು ಬಿಟ್ಟಾದರೂ ಸರಿ, ಸಮ್ಮೇಳನ ಮುಗಿದ ತಿಂಗಳೊಳಗೆ ಪ್ರಕಟಿಸಬೇಕು. ಪ್ರಾಯೋಜಕರ ಭಾಷಣಕ್ಕೆ ಜಾಹೀರಾತು ಎಂದೇ ಹೆಸರಿಡಲಿ. ಸಂಘಟಕರು ಇದಕ್ಕೆ ಒಪ್ಪದಿದ್ದರೆ ಸಮ್ಮೇಳನವನ್ನು ಧಾರಾಳವಾಗಿ ನಡೆಸಿಕೊಳ್ಳಲಿ, ಆಹ್ವಾನ ಪತ್ರಿಕೆಯಲ್ಲಿ ಸರ್ಕಾರದ ಲಾಂಛನ ಹಾಕುವುದು ಮಾತ್ರ ಬೇಡ.

ಇತಿ,
ನಿವೃತ್ತ ಸಹಕಾರಿ ಬ್ಯಾಂಕ್ ಅಧಿಕಾರಿ, ದಾವಣಗೆರೆ